ಹಿಂಸೆಯ ನಿಜರೂಪವನ್ನರಸಿದ ವಿದುಷಿ ಸಿಮೋನ್ ವೇಯ್

ಯುದ್ಧ, ದಂಗೆ, ಕೊಲೆ ಎಂಬ ಮಾತುಗಳು ಕಿವಿಗೆ ಬಿದ್ದೊಡನೆ ನಾವು ಮೊದಲು ಕೇಳುವುದು ಸತ್ತವರೆಷ್ಟು ಮಂದಿ ಎಂದು. ಆ ಲೆಕ್ಕ ಅವಶ್ಯವಾದುದೇ ಸರಿ. ಆದರೆ ಹಿಂಸೆಯು ಕೊಲ್ಲದೆ ಉಳಿಸಿದವರನ್ನು ಏನು ಮಾಡುತ್ತದೆ, ಅದನ್ನು ಕೈಯಲ್ಲಿ ಹಿಡಿದವರನ್ನು ಏನು ಮಾಡುತ್ತದೆ ಎಂಬ ಪ್ರಶ್ನೆಯನ್ನು ಇಪ್ಪತ್ತನೆಯ ಶತಮಾನದಲ್ಲಿ ಅತ್ಯಂತ ನಿಷ್ಠುರವಾಗಿ ಕೇಳಿದವರ ಪೈಕಿ ಫ್ರಾನ್ಸ್ ದೇಶದ ಸಿಮೋನ್ ವೇಯ್ ಅವರದು ಎದ್ದುಕಾಣುವ ಹೆಸರು. ಕೇವಲ ಮೂವತ್ತನಾಲ್ಕು ವರ್ಷ ಬಾಳಿದ ಈಕೆ ವೃತ್ತಿಯಿಂದ ಉಪಾಧ್ಯಾಯಿನಿ. ಪ್ರಶ್ನೆಯ ಉತ್ತರವನ್ನು ಗ್ರಂಥಾಲಯದಲ್ಲಿ ಮಾತ್ರ ಹುಡುಕಿ ತೃಪ್ತರಾಗದೆ ಕಾರ್ಖಾನೆಗೂ ರಣರಂಗಕ್ಕೂ ಹೋಗಿ ಹುಡುಕಿದವರು. ಅಧ್ಯಾಪಕ ಬಂಧುಗಳೂ ಹಳೆಯ ವಿದ್ಯಾರ್ಥಿಗಳೂ ಓದುವ ಈ ಸಂಚಿಕೆಯಲ್ಲಿ ಅಂಥ ಒಬ್ಬ ಅಧ್ಯಾಪಕಿಯ ಜೀವಿತವನ್ನು ಸ್ಮರಿಸುವುದು ಉಚಿತವೆಂದು ಭಾವಿಸಿದ್ದೇವೆ.

ಸಿಮೋನ್ ವೇಯ್ ಜನಿಸಿದ್ದು 1909ರ ಫೆಬ್ರವರಿ 3ರಂದು, ಪ್ಯಾರಿಸ್ ನಗರದಲ್ಲಿ. ತಂದೆ ಬರ್ನಾರ್ ವೈದ್ಯರು, ತಾಯಿ ಸೆಲ್ಮಾ. ಮನೆತನ ಯೆಹೂದಿ ಮೂಲದ್ದಾದರೂ ಮನೆಯಲ್ಲಿ ಮತಾಚರಣೆ ಇರಲಿಲ್ಲ. ಮೂರು ವರ್ಷ ಹಿರಿಯನಾದ ಅಣ್ಣ ಆಂದ್ರೆ ಮುಂದೆ ಜಗದ್ವಿಖ್ಯಾತ ಗಣಿತಶಾಸ್ತ್ರಜ್ಞನಾದನು. 1930ರಿಂದ ಸುಮಾರು ಎರಡು ವರ್ಷ ಈತನು ನಮ್ಮ ದೇಶದ ಅಲೀಗಢ ವಿಶ್ವವಿದ್ಯಾನಿಲಯದಲ್ಲಿ ಗಣಿತದ ಪ್ರಾಧ್ಯಾಪಕನಾಗಿದ್ದನೆಂಬುದನ್ನೂ, ಸಂಸ್ಕೃತವನ್ನು ಬಲ್ಲವನಾಗಿ ಭಗವದ್ಗೀತೆಯಲ್ಲಿ ಆಸಕ್ತನಾಗಿದ್ದನೆಂಬುದನ್ನೂ ಇಲ್ಲಿಯೇ ಹೇಳಿಬಿಡುವುದು ಒಳಿತು. ಆ ಮಾತು ಮುಂದೆ ಮತ್ತೆ ಬರಲಿದೆ. ಮೊದಲನೆಯ ಮಹಾಯುದ್ಧ ಆರಂಭವಾದಾಗ ಸಿಮೋನ್‌ಗೆ ಐದು ವರ್ಷ. ತಂದೆ ಸೇನಾ ವೈದ್ಯರಾಗಿ ಹೋದರು. ಗಡಿಯಲ್ಲಿ ಕಾದುತ್ತಿರುವ ಸಿಪಾಯಿಗಳಿಗೆ ಸಕ್ಕರೆ ಸಿಕ್ಕದೆಂದು ಕೇಳಿದ ಆ ಮಗು ತಾನೂ ಸಕ್ಕರೆಯನ್ನು ಮುಟ್ಟುವುದಿಲ್ಲವೆಂದು ಹಟ ಹಿಡಿಯಿತು. ಇದನ್ನು ಮಕ್ಕಳಾಟವೆಂದು ನಕ್ಕು ಬಿಡಬಹುದಾಗಿತ್ತು. ಆದರೆ ಆ ಹಟ ಕೊನೆಯವರೆಗೂ ಬಿಡಲಿಲ್ಲ.

ಪ್ಯಾರಿಸಿನ ಹೆನ್ರಿ ನಾಲ್ಕನೆಯವನ ಹೆಸರಿನ ಪ್ರೌಢ ವಿದ್ಯಾಲಯದಲ್ಲಿ ಆಕೆಗೆ ಆಲ್ಯಾಂ ಎಂಬ ಕಾವ್ಯನಾಮದ ಎಮಿಲ್ ಶಾರ್ತಿಯೆ ಎಂಬ ಗುರು ದೊರೆತದ್ದು 1925ರಲ್ಲಿ. ಸ್ವಯಂಪ್ರೇರಿತನಾಗಿ ಮಹಾಯುದ್ಧಕ್ಕೆ ಹೋಗಿ ಸಾಮಾನ್ಯ ಸೈನಿಕನಾಗಿ ದುಡಿದು ಬಂದಿದ್ದ ಈ ತತ್ತ್ವಶಾಸ್ತ್ರದ ಅಧ್ಯಾಪಕನು, ಯುದ್ಧದ ದುಃಖಗಳಲ್ಲೆಲ್ಲ ಹಿರಿದಾದುದು ಗುಂಡಿನೇಟಲ್ಲ, ಮನುಷ್ಯನು ಮನುಷ್ಯನಿಗೆ ಗುಲಾಮನಾಗಿ ಕುರುಡು ವಿಧೇಯತೆಗೆ ಒಳಗಾಗುವುದೇ ಎಂದು ನಂಬಿದ್ದನು. ಶಿಷ್ಯೆಯ ವಿಚಾರದ ಬೀಜ ಇಲ್ಲಿಯೇ ಬಿತ್ತು. 1928ರಲ್ಲಿ ಎಕೋಲ್ ನಾರ್ಮಾಲ್ ಎಂಬ ಉನ್ನತ ಶಿಕ್ಷಣ ಸಂಸ್ಥೆಯನ್ನು ಸೇರಿ, ದೆಕಾರ್ತನ ತತ್ತ್ವವನ್ನು ಕುರಿತು ಪ್ರಬಂಧ ಬರೆದು, 1931ರಲ್ಲಿ ಅಧ್ಯಾಪನಕ್ಕೆ ಅರ್ಹತೆ ನೀಡುವ ಕಠಿಣ ಪರೀಕ್ಷೆಯಲ್ಲಿ ಆಕೆ ಉತ್ತೀರ್ಣರಾದರು. ಚೀನಾ ದೇಶದಲ್ಲಿ ಕ್ಷಾಮವೆಂಬ ಸುದ್ದಿ ಕೇಳಿ ಈಕೆ ಅತ್ತುದನ್ನು ಅದೇ ಕಾಲದ ವಿದ್ಯಾರ್ಥಿನಿಯಾಗಿದ್ದ ಸಿಮೋನ್ ದ ಬೊವ್ವಾ ತಮ್ಮ ಆತ್ಮಕಥೆಯಲ್ಲಿ ಸ್ಮರಿಸಿದ್ದಾರೆ. ಬುದ್ಧಿಶಕ್ತಿಗಿಂತಲೂ ಆ ಕಣ್ಣೀರಿಗಾಗಿ ಆಕೆಯನ್ನು ಗೌರವಿಸಿದೆನೆಂಬುದು ಆ ಸ್ಮರಣೆಯ ಸಾರ.

ಮೊದಲ ನೌಕರಿ ಲ ಪ್ಯುಯಿ ಎಂಬ ಪಟ್ಟಣದ ಬಾಲಿಕಾ ಪ್ರೌಢಶಾಲೆಯಲ್ಲಿ. ಪಟ್ಟಣದ ನಿರುದ್ಯೋಗಿಗಳಿಗೆ ಪುರಸಭೆಯವರು ಅಲ್ಪ ಕೂಲಿಗೆ ಕಲ್ಲು ಒಡೆಯುವ ಕೆಲಸ ಕೊಟ್ಟಿದ್ದರು. ಹೊಸದಾಗಿ ಬಂದ ಉಪಾಧ್ಯಾಯಿನಿ ಆ ಕೂಲಿಗಳ ಜೊತೆ ನಡೆದು ಪುರಸಭೆಯ ಮುಂದೆ ನಿಂತು ಅವರ ಪರವಾಗಿ ವಾದಿಸಿದರು. ಊರಿನ ಗಣ್ಯರಿಗೆ ಇದು ಸಹಿಸಲಸಾಧ್ಯವಾಯಿತು, ಪತ್ರಿಕೆಗಳು ಹರಿಹಾಯ್ದವು, ವರ್ಗಾವಣೆಯ ಬೆದರಿಕೆ ಬಂತು. ನಿರುದ್ಯೋಗಿಗೆ ಸಿಕ್ಕುವ ಭತ್ಯದಷ್ಟೇ ಹಣವನ್ನು ತಮಗಾಗಿ ಇಟ್ಟುಕೊಂಡು ಸಂಬಳದ ಉಳಿದ ಭಾಗವನ್ನು ಆಕೆ ಕಾರ್ಮಿಕರಿಗಾಗಿ ಕೊಡುತ್ತಿದ್ದರು. ರಜೆಯ ದಿನಗಳಲ್ಲಿ ಸಾಂತ್ ಎತಿಯೆನ್ ನಗರಕ್ಕೆ ಹೋಗಿ ಗಣಿ ಕೆಲಸಗಾರರಿಗೆ ಪಾಠ ಹೇಳುತ್ತಿದ್ದರು. ಮುಂದೆ ಓಸೇರ್, ರೊವಾನ್ ಪಟ್ಟಣಗಳಿಗೂ ವರ್ಗವಾಯಿತು. ಪರೀಕ್ಷೆಯ ಪಠ್ಯಕ್ಕೆ ಕಟ್ಟುಬೀಳದೆ ವಿಚಾರ ಮಾಡುವುದನ್ನು ಕಲಿಸುವುದೇ ತನ್ನ ಕೆಲಸವೆಂದು ತಿಳಿದಿದ್ದ ಈ ಅಧ್ಯಾಪಕಿಯ ತರಗತಿಯಲ್ಲಿ ಪರೀಕ್ಷಾ ಫಲಿತಾಂಶ ಉತ್ತಮವಾಗಿರಲಿಲ್ಲವೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಅದೇ ವೇಳೆಗೆ, ರೊವಾನಿನ ಒಬ್ಬ ವಿದ್ಯಾರ್ಥಿನಿ ಜೋಪಾನವಾಗಿ ಬರೆದಿಟ್ಟುಕೊಂಡಿದ್ದ ಪಾಠದ ಟಿಪ್ಪಣಿಗಳೇ 1959ರಲ್ಲಿ ಒಂದು ಪುಸ್ತಕವಾಗಿ ಪ್ರಕಟವಾದವೆಂಬುದನ್ನೂ ಹೇಳಬೇಕು. ಎಷ್ಟು ಮಂದಿ ಅಧ್ಯಾಪಕರ ಪಾಠಗಳಿಗೆ ಆ ಭಾಗ್ಯವುಂಟು?

1932ರ ಬೇಸಗೆಯಲ್ಲಿ ಆಕೆ ಜರ್ಮನಿಗೆ ಹೋಗಿ ಹಿಟ್ಲರನ ಪಕ್ಷ ಬಲಿಯುತ್ತಿದ್ದ ಬಗೆಯನ್ನು ಕಣ್ಣಾರೆ ಕಂಡು ಬಂದು ಲೇಖನಗಳನ್ನು ಬರೆದರು. ಎಡಪಂಥದ ಗೆಳೆಯರಿಗೆ ಅವು ರುಚಿಸಲಿಲ್ಲ. ಏಕೆಂದರೆ ಆಕೆ ಯಾರ ಮುಖವನ್ನೂ ನೋಡದೆ ಬರೆದಿದ್ದರು. 1933ರ ಒಂದು ಲೇಖನದಲ್ಲಿ ಆಕೆ ಮಂಡಿಸಿದ ವಿಚಾರ ಇಂದಿಗೂ ಗಮನಾರ್ಹವಾದುದು. ಇತಿಹಾಸವು ಈವರೆಗೆ ಮುಖ್ಯವಾಗಿ ಎರಡು ಬಗೆಯ ದಬ್ಬಾಳಿಕೆಯನ್ನು ಕಂಡಿತ್ತು: ಒಂದು ಆಯುಧ ಹಿಡಿದವನದು, ಇನ್ನೊಂದು ಹಣವುಳ್ಳವನದು. ಆಧುನಿಕ ಸಮಾಜದಲ್ಲಿ ಮೂರನೆಯದೊಂದು ಹುಟ್ಟಿದೆ. ಅದು ಆಡಳಿತ ನಡೆಸುವವನದು, ಯಂತ್ರವನ್ನೂ ಕಾಗದಪತ್ರವನ್ನೂ ತನ್ನ ಅಂಕೆಯಲ್ಲಿ ಇಟ್ಟುಕೊಂಡವನದು. ಬಂಡವಾಳಗಾರನನ್ನು ಉರುಳಿಸಿದ ಮಾತ್ರಕ್ಕೆ ಈ ಮೂರನೆಯದು ಅಳಿಯುವುದಿಲ್ಲ ಎಂಬುದು ಆಕೆಯ ತೀರ್ಮಾನ. ಆ ವರ್ಷದ ಕೊನೆಯಲ್ಲಿ, ರಷ್ಯದಿಂದ ಗಡೀಪಾರಾಗಿ ಅಲೆಯುತ್ತಿದ್ದ ಟ್ರಾಟ್‌ಸ್ಕಿ ಕೆಲವು ದಿನ ವೇಯ್ ದಂಪತಿಗಳ ಮನೆಯಲ್ಲಿ ಉಳಿದುಕೊಂಡನು. ಕೆಂಪು ಸೇನೆಯನ್ನು ಕಟ್ಟಿದ ಆ ನಾಯಕನೊಡನೆ ಇಪ್ಪತ್ತನಾಲ್ಕು ವರ್ಷದ ಉಪಾಧ್ಯಾಯಿನಿ ಇದೇ ವಿಷಯವಾಗಿ ತೀವ್ರ ವಾಗ್ವಾದ ನಡೆಸಿದರು.

ಇಷ್ಟಾದರೂ ಆಕೆಗೆ ಸಮಾಧಾನವಾಗಲಿಲ್ಲ. ಕಾರ್ಮಿಕರ ಬಗೆಗೆ ಬರೆಯುವ ನಾಯಕರಲ್ಲಿ ಬಹುಮಂದಿ ಕಾರ್ಖಾನೆಯ ಒಳಗೆ ಕಾಲಿಟ್ಟವರಲ್ಲ ಎಂಬ ವಿಚಾರ ಕಾಡುತ್ತಿತ್ತು. ಶಾಲೆಯಿಂದ ರಜೆ ಪಡೆದು 1934ರ ಡಿಸೆಂಬರ್ 4ರಂದು ಪ್ಯಾರಿಸಿನ ಆಲ್ಸ್‌ತಾಂ ವಿದ್ಯುದ್ಯಂತ ಕಾರ್ಖಾನೆಯಲ್ಲಿ ಕೂಲಿಯಾಗಿ ಸೇರಿದರು. ಅನಂತರ ಇನ್ನೊಂದು ಕಾರ್ಖಾನೆ. 1935ರ ಜೂನ್‌ನಿಂದ ಆಗಸ್ಟ್‌ವರೆಗೆ ರೆನೋ ಮೋಟಾರು ಕಾರ್ಖಾನೆ. ಮೊದಲೇ ತೀವ್ರ ತಲೆನೋವಿನ ಬಾಧೆ, ಕೈಗಳು ನಾಜೂಕಿನ ಕೆಲಸಕ್ಕೆ ಒಗ್ಗಿದವಲ್ಲ, ದೃಷ್ಟಿ ಮಂದ. ತಯಾರಿಸಿದ ಬಿಡಿಭಾಗದ ಲೆಕ್ಕದ ಮೇಲೆ ಕೂಲಿ. ಕುಲುಮೆಯ ಮುಂದೆ ನಿಂತು ಕೈ ಸುಟ್ಟುಕೊಂಡದ್ದೂ ಉಂಟು. ದಿನಚರಿಯಲ್ಲಿ ಆಕೆ ಪ್ರತಿದಿನದ ಕೆಲಸವನ್ನು, ತಪ್ಪಿದ ತುಂಡುಗಳ ಸಂಖ್ಯೆಯನ್ನು, ದಕ್ಕಿದ ಕೂಲಿಯನ್ನು ಬರೆದಿಟ್ಟರು.

ಅಲ್ಲಿ ಆಕೆ ಕಂಡದ್ದು ತಾನು ನಿರೀಕ್ಷಿಸಿದುದಕ್ಕೆ ವಿರುದ್ಧವಾದುದನ್ನು. ದಬ್ಬಾಳಿಕೆ ಹೆಚ್ಚಿದಂತೆ ಬಂಡಾಯದ ಕಿಚ್ಚೂ ಹೆಚ್ಚುವುದೆಂದು ಕ್ರಾಂತಿಕಾರಿಗಳು ಸಾಮಾನ್ಯವಾಗಿ ನಂಬುತ್ತಾರೆ. ಆದರೆ ವೇಗ ಮತ್ತು ಆಜ್ಞೆ ಎಂಬ ಎರಡರ ನಡುವೆ ಸಿಕ್ಕಿ ನುಗ್ಗಾದ ಮನಸ್ಸಿನಲ್ಲಿ ಹುಟ್ಟಿದುದು ಬಂಡಾಯವಲ್ಲ, ಮೂಕ ವಿಧೇಯತೆ. ಒಂದು ದಿನ ಬಸ್ಸು ಹತ್ತುವಾಗ, ಎಲ್ಲರಂತೆ ಕಾಸು ಕೊಟ್ಟು ಕುಳಿತುಕೊಳ್ಳುವ ಹಕ್ಕು ಗುಲಾಮಳಾದ ತನಗೆ ಹೇಗೆ ಬಂತೆಂದು ಆಕೆಗೇ ಆಶ್ಚರ್ಯವಾಯಿತಂತೆ. ಯಾರಾದರೂ ಬಂದು ಗದರಿಸಿ ಇಳಿಸಿದ್ದರೆ ಅದೇ ಸಹಜವೆಂದು ತೋರುತ್ತಿತ್ತಂತೆ. ತತ್ತ್ವಶಾಸ್ತ್ರದಲ್ಲಿ ಅತ್ಯುನ್ನತ ಅರ್ಹತೆ ಪಡೆದ ಸ್ವತಂತ್ರ ದೇಶದ ಪ್ರಜೆಗೆ ಕೆಲವೇ ತಿಂಗಳ ಕೆಲಸ ಮಾಡಿದ ಗತಿ ಇದು. ಯಾರೂ ಹೊಡೆಯಲಿಲ್ಲ, ಯಾರೂ ಕಟ್ಟಿಹಾಕಲಿಲ್ಲ. ಆದರೂ ಇದು ಹಿಂಸೆಯೇ ಎಂಬುದು ಆಕೆಗೆ ಅನುಭವದಿಂದ ದೃಢಪಟ್ಟಿತು.

ಮರುವರ್ಷ ಸ್ಪೇನ್ ದೇಶದಲ್ಲಿ ಅಂತರ್ಯುದ್ಧ ಹೊತ್ತಿಕೊಂಡಿತು. ಅಲ್ಲಿಯವರೆಗೆ ಯುದ್ಧವಿರೋಧಿಯಾಗಿದ್ದ ಸಿಮೋನ್ ವೇಯ್ 1936ರ ಆಗಸ್ಟ್‌ನಲ್ಲಿ ಬಾರ್ಸಿಲೋನಾಕ್ಕೆ ಹೋಗಿ, ದುರ್ರುತಿ ಎಂಬ ಅರಾಜಕತಾವಾದಿ ನಾಯಕನ ಪಡೆಯನ್ನು ಎಬ್ರೊ ನದಿಯ ತೀರದಲ್ಲಿ ಸೇರಿದರು. ತಾನು ಒಂದು ಪಕ್ಷದ ಗೆಲುವನ್ನು ಮನಸಾರೆ ಬಯಸುತ್ತಿರುವಾಗ ಸುರಕ್ಷಿತ ಸ್ಥಳದಲ್ಲಿ ಕುಳಿತಿರುವುದು ಸಲ್ಲದೆಂಬುದು ಆಕೆಯ ತರ್ಕ. ಕೆಲವೇ ದಿನಗಳಲ್ಲಿ, ದೃಷ್ಟಿಮಾಂದ್ಯದಿಂದಾಗಿ ಅಡುಗೆಗೆ ಇಟ್ಟಿದ್ದ ಕುದಿಯುವ ಎಣ್ಣೆಯ ಪಾತ್ರೆಯಲ್ಲಿ ಕಾಲಿಟ್ಟು ತೀವ್ರವಾಗಿ ಸುಟ್ಟುಕೊಂಡು ಹಿಂದಿರುಗಬೇಕಾಯಿತು. ಆಕೆ ಇದ್ದ ತುಕಡಿಯ ಅನೇಕರು ಅನಂತರ ಪೆರ್ದಿಗೇರಾ ಎಂಬಲ್ಲಿ ಹತರಾದರು.

ಆ ಅಲ್ಪಕಾಲದಲ್ಲಿ ಕಂಡುಕೇಳಿದ ಸಂಗತಿಗಳನ್ನು ಆಕೆ 1938ರಲ್ಲಿ ಬೆರ್ನಾನೋಸ್ ಎಂಬ ಕಾದಂಬರಿಕಾರನಿಗೆ ಪತ್ರರೂಪದಲ್ಲಿ ತಿಳಿಸಿದರು. ಆತನು ರಾಜಪ್ರಭುತ್ವವಾದಿ, ಕ್ಯಾಥೊಲಿಕ್, ಆಕೆಗೆ ಎದುರು ಪಕ್ಷದವನು. ಆದರೂ ತನ್ನವರೇ ಮಜೋರ್ಕಾ ದ್ವೀಪದಲ್ಲಿ ಎಸಗಿದ ಕೊಲೆಗಳನ್ನು ಬಯಲಿಗೆಳೆದು ಪುಸ್ತಕ ಬರೆದವನು. ಎರಡು ಪಕ್ಷಗಳ ಇಬ್ಬರು ಪ್ರಾಮಾಣಿಕರು ತಮ್ಮ ತಮ್ಮ ಪಕ್ಷದ ಅಪರಾಧವನ್ನು ಒಪ್ಪಿಕೊಂಡ ಅಪೂರ್ವ ಪ್ರಸಂಗವಿದು. ಪತ್ರದಲ್ಲಿ ಹದಿನೈದು ವರ್ಷದ ಒಬ್ಬ ಬಾಲಕನ ಕಥೆಯಿದೆ. ಫ್ಯಾಸಿಸ್ಟ್ ಪಕ್ಷದ ಕಡೆಯಿಂದ ಸೆರೆಸಿಕ್ಕ ಅವನಿಗೆ ದುರ್ರುತಿಯು ಒಂದು ಗಂಟೆಯ ಕಾಲ ತನ್ನ ತತ್ತ್ವದ ಹಿರಿಮೆಯನ್ನು ಬೋಧಿಸಿ, ತಮ್ಮ ಪಡೆ ಸೇರುವುದೋ ಸಾಯುವುದೋ ಎಂದು ನಿರ್ಧರಿಸಲು ಇಪ್ಪತ್ತನಾಲ್ಕು ಗಂಟೆ ಕೊಟ್ಟನು. ಬಾಲಕ ಒಪ್ಪಲಿಲ್ಲ, ಗುಂಡಿಕ್ಕಲಾಯಿತು. ದುರ್ರುತಿಯನ್ನು ಅನೇಕ ವಿಷಯಗಳಲ್ಲಿ ಮೆಚ್ಚಿದ್ದ ಆಕೆಗೆ ಆ ಮಗುವಿನ ಸಾವು ಎಂದೆಂದಿಗೂ ಮನಸ್ಸಿನ ಮೇಲಿನ ಭಾರವಾಗಿ ಉಳಿಯಿತು. ಮತ್ತೊಮ್ಮೆ ಒಬ್ಬ ಪಾದ್ರಿಯನ್ನು ಕೊಲ್ಲುವ ಸನ್ನಾಹ ನಡೆದಿದ್ದಾಗ, ಸುಮ್ಮನೆ ನೋಡುತ್ತ ನಿಲ್ಲಬೇಕೋ, ಅಡ್ಡ ಹೋಗಿ ತಾನೂ ಗುಂಡಿಗೆ ಬಲಿಯಾಗಬೇಕೋ ಎಂದು ಆಕೆ ತನ್ನನ್ನೇ ಕೇಳಿಕೊಳ್ಳುತ್ತ ನಿಂತಿದ್ದರು. ಅದೃಷ್ಟವಶಾತ್ ಆ ಕೊಲೆ ತಪ್ಪಿತು. ತಪ್ಪದಿದ್ದರೆ ತಾನೇನು ಮಾಡುತ್ತಿದ್ದೆನೆಂದು ಹೇಳಿಕೊಳ್ಳುವ ಧೈರ್ಯವನ್ನು ಆಕೆ ತೋರಲಿಲ್ಲ. ಈ ಸಂಕೋಚವೇ ಆಕೆಯ ಸತ್ಯನಿಷ್ಠೆಗೆ ಸಾಕ್ಷಿಯೆಂದು ನಮಗೆ ತೋರುತ್ತದೆ.

ಆಕೆಯನ್ನು ಹೆಚ್ಚು ದಿಗ್ಭ್ರಮೆಗೊಳಿಸಿದುದು ಕೊಲೆಗಾರರ ಕ್ರೌರ್ಯವಲ್ಲ, ಒಳ್ಳೆಯವರ ನಿರಾತಂಕ. ಊಟದ ವೇಳೆಯಲ್ಲಿ ಸ್ನೇಹಮಯಿಗಳಾದ ಸಂಗಾತಿಗಳು ತಾವು ಎಷ್ಟು ಮಂದಿಯನ್ನು ಕೊಂದೆವೆಂದು ನಗುನಗುತ್ತ ಹೇಳಿಕೊಳ್ಳುತ್ತಿದ್ದರು. ಅಸಹ್ಯವಾಯಿತೆಂದು ಯಾರೂ ಬಾಯಿ ತೆರೆಯಲಿಲ್ಲ, ತೆರೆದರೆ ಹೇಡಿಯೆನಿಸಿಕೊಳ್ಳುವ ಭಯ. ಒಂದು ವರ್ಗದ ಜನರ ಪ್ರಾಣಕ್ಕೆ ಬೆಲೆಯಿಲ್ಲವೆಂದು ಅಧಿಕಾರಸ್ಥರು ಒಮ್ಮೆ ಗೆರೆ ಎಳೆದುಬಿಟ್ಟರೆ, ಆ ಗೆರೆಯ ಹೊರಗಿನವರನ್ನು ಕೊಲ್ಲುವುದು ಸಾಮಾನ್ಯ ಮನುಷ್ಯನಿಗೂ ಅತಿ ಸಹಜವಾದ ಕೆಲಸವಾಗುತ್ತದೆ ಎಂಬ ಸತ್ಯವನ್ನು ಆಕೆ ಅಲ್ಲಿ ಕಂಡುಕೊಂಡರು. ಮುಂದಿನ ಹತ್ತು ವರ್ಷಗಳಲ್ಲಿ ಯೂರೋಪು ಕಂಡ ಘೋರಗಳನ್ನು ನೆನೆದರೆ ಈ ಮಾತಿನ ತೂಕ ತಿಳಿಯುತ್ತದೆ.

ಗೆರೆ ಎಳೆಯುವುದು ಹೇಗೆ? ಮಾತಿನಿಂದ. 1937ರಲ್ಲಿ ಬರೆದ ಒಂದು ಪ್ರಬಂಧದಲ್ಲಿ ಆಕೆ ಟ್ರಾಯ್ ನಗರದ ಯುದ್ಧವನ್ನು ದೃಷ್ಟಾಂತವಾಗಿ ತೆಗೆದುಕೊಂಡರು. ಗ್ರೀಕರೂ ಟ್ರಾಯ್‌ನವರೂ ಹತ್ತು ವರ್ಷ ಹೆಲೆನ್ ಎಂಬ ಒಬ್ಬ ಸ್ತ್ರೀಯ ಹೆಸರಿನಲ್ಲಿ ಕಾದಾಡಿದರು. ಅವರಲ್ಲಿ ಬಹುತೇಕರಿಗೆ ಆಕೆಯಿಂದ ಆಗಬೇಕಾದುದೇನೂ ಇರಲಿಲ್ಲ. ಆದರೂ ಹೆಲೆನ್ ಎಂಬವಳೊಬ್ಬಳು ಇದ್ದಳು. ಆಧುನಿಕ ಯುದ್ಧಗಳಲ್ಲಿ ಹೆಲೆನ್‌ಳ ಸ್ಥಾನದಲ್ಲಿ ಇರುವುದು ರಾಷ್ಟ್ರ, ವ್ಯವಸ್ಥೆ, ಭದ್ರತೆ, ಬಂಡವಾಳಶಾಹಿ, ಸಮತಾವಾದ ಮುಂತಾದ ದೊಡ್ಡಕ್ಷರದ ಶಬ್ದಗಳು. ಒಂದೊಂದನ್ನೂ ಬಿಡಿಸಿ ನೋಡಿದರೆ ಒಳಗೆ ನಿಶ್ಚಿತಾರ್ಥವೇ ಇರದು. ಅರ್ಥವಿದ್ದರೆ ಅದಕ್ಕೆ ಒಂದು ಮಿತಿಯೂ ಇರುತ್ತಿತ್ತು, ಮಿತಿಯಿದ್ದರೆ ರಾಜಿಯೂ ಸಾಧ್ಯವಾಗುತ್ತಿತ್ತು. ಮಿತಿಯಿಲ್ಲದ ಶಬ್ದಕ್ಕಾಗಿ ಸುರಿದ ರಕ್ತಕ್ಕೂ ಮಿತಿಯಿರದು. ಆದುದರಿಂದ ಶಬ್ದಗಳ ಅರ್ಥವನ್ನು ಸ್ಪಷ್ಟಪಡಿಸುವುದು ಪಂಡಿತರ ವಿಲಾಸವಲ್ಲ, ಜೀವಗಳನ್ನುಳಿಸುವ ಕೆಲಸವೆಂದು ಆಕೆ ಭಾವಿಸಿದರು. ಭಾಷೆಯ ಅಧ್ಯಾಪಕರು ಈ ಪ್ರಬಂಧವನ್ನು ಅವಶ್ಯ ಓದಬೇಕು.

1939ರ ಮಾರ್ಚ್‌ನಲ್ಲಿ ಹಿಟ್ಲರನ ಸೇನೆ ಪ್ರಾಗ್ ನಗರವನ್ನು ಹೊಕ್ಕಿತು. ಅಲ್ಲಿಯವರೆಗೆ ಹೇಗಾದರೂ ಯುದ್ಧ ತಪ್ಪಲಿ ಎನ್ನುತ್ತಿದ್ದ ಆಕೆ ಆಗ ತಮ್ಮ ಶಾಂತಿವಾದವನ್ನು ಕೈಬಿಟ್ಟರು. ಮುಂದೆ ಅದನ್ನು ತನ್ನ ದೊಡ್ಡ ಪ್ರಮಾದವೆಂದೇ ಹೇಳಿಕೊಂಡರು. ಬಲವನ್ನು ಬಲದಿಂದಲೇ ಎದುರಿಸಬೇಕಾಗಿ ಬಂದ ಆ ಸಂಕಟದಲ್ಲಿಯೇ, ಬಲದ ಸ್ವರೂಪವೇನೆಂಬ ಆಕೆಯ ಪ್ರಸಿದ್ಧ ಪ್ರಬಂಧ ಸಿದ್ಧವಾಯಿತು. ಹೋಮರನ ಇಲಿಯಡ್ ಮಹಾಕಾವ್ಯವನ್ನು ಕುರಿತ ಈ ಲೇಖನ ಮಾರ್ಸೇಯ್ ನಗರದ ಒಂದು ಪತ್ರಿಕೆಯಲ್ಲಿ 1940ರ ಡಿಸೆಂಬರ್ ಮತ್ತು 1941ರ ಜನವರಿ ಸಂಚಿಕೆಗಳಲ್ಲಿ ಅಚ್ಚಾಯಿತು. ಯೆಹೂದಿಗಳ ಮೇಲೆ ನಿರ್ಬಂಧಗಳು ಬಂದಿದ್ದ ಕಾಲವಾದುದರಿಂದ, ತನ್ನ ಹೆಸರಿನ ಅಕ್ಷರಗಳನ್ನೇ ಅದಲುಬದಲು ಮಾಡಿದ ಎಮಿಲ್ ನೋವಿಸ್ ಎಂಬ ಹೆಸರಿನಲ್ಲಿ ಆಕೆ ಅದನ್ನು ಪ್ರಕಟಿಸಿದರು.

ಆ ಪ್ರಬಂಧದ ಪ್ರಕಾರ ಇಲಿಯಡ್ ಕಾವ್ಯದ ನಿಜವಾದ ನಾಯಕ ಅಕಿಲೀಸನಲ್ಲ, ಹೆಕ್ಟರನೂ ಅಲ್ಲ, ಬಲವೇ ನಾಯಕ. ಬಲವೆಂಬುದು ತನಗೆ ಒಳಗಾದವನನ್ನು ಒಂದು ವಸ್ತುವನ್ನಾಗಿ ಮಾಡುತ್ತದೆ. ಪೂರ್ತಿ ಪ್ರಯೋಗವಾದರೆ ಮನುಷ್ಯ ಹೆಣವಾಗುತ್ತಾನೆ. ಅದು ಸುಲಭವಾಗಿ ಕಾಣುವ ಪರಿಣಾಮ. ಕೊಲ್ಲದೆ, ಕೊಲ್ಲಬಲ್ಲೆನೆಂದು ತೋರಿಸುತ್ತ ತಲೆಯ ಮೇಲೆ ತೂಗುತ್ತಿರುವ ಬಲ ಇನ್ನೂ ವಿಚಿತ್ರವಾದುದನ್ನು ಸಾಧಿಸುತ್ತದೆ: ಉಸಿರಾಡುತ್ತಿರುವಾಗಲೇ ಮನುಷ್ಯ ಕಲ್ಲಾಗುತ್ತಾನೆ. ತನ್ನ ಮಕ್ಕಳನ್ನು ಕೊಂದವನ ಕೈಗೆ ಮುತ್ತಿಕ್ಕಿ ಮಗನ ಶವವನ್ನು ಬೇಡುವ ವೃದ್ಧ ಅರಸ ಪ್ರಿಯಾಮನನ್ನು ಅಕಿಲೀಸನು ಮೆಲ್ಲನೆ ಪಕ್ಕಕ್ಕೆ ಸರಿಸುತ್ತಾನೆ. ಎದುರಿಗೆ ಜೀವವುಳ್ಳ ವ್ಯಕ್ತಿಯೊಬ್ಬನಿದ್ದಾನೆಂಬ ಅರಿವೇ ಆ ಕೈಗೆ ಇಲ್ಲದಂತೆ. ಗಂಡನು ಯುದ್ಧದಿಂದ ಬರುವನೆಂದು ಮೀಯಲು ಬಿಸಿನೀರು ಕಾಯಿಸಲು ದಾಸಿಯರಿಗೆ ಹೇಳುತ್ತಿರುವ ಹೆಕ್ಟರನ ಹೆಂಡತಿಗೆ, ಅವನು ಆಗಲೇ ಸತ್ತು ರಥದ ಹಿಂದೆ ಧೂಳಿನಲ್ಲಿ ಎಳೆಯಲ್ಪಡುತ್ತಿದ್ದಾನೆಂಬುದು ತಿಳಿಯದು. ಕುರುಕ್ಷೇತ್ರದ ಸ್ತ್ರೀಪರ್ವವನ್ನು ಕೇಳಿ ಬೆಳೆದ ನಮಗೆ ಇದು ಅಪರಿಚಿತವಾದ ದುಃಖವಲ್ಲ.

ಆದರೆ ವೇಯ್ ಅವರ ಮುಖ್ಯ ಮಾತು ಇದರಾಚೆಗಿದೆ. ಬಲವು ಯಾರ ಸ್ವತ್ತೂ ಅಲ್ಲ. ಇಂದು ಗೆದ್ದವನು ಅದು ತನ್ನದೆಂದು ಭ್ರಮಿಸಿ ಅಳತೆ ಮೀರುತ್ತಾನೆ, ನಾಳೆ ಅದೇ ಬಲ ಅವನನ್ನು ಮುರಿಯುತ್ತದೆ. ಸೋತವನು ಕಲ್ಲಾದರೆ ಗೆದ್ದವನು ಕುರುಡಾಗುತ್ತಾನೆ. ತನಗೂ ಎದುರಿನವನಿಗೂ ನಡುವೆ ವಿಚಾರಕ್ಕೆಂದು ಇರಬೇಕಾದ ಒಂದು ಕ್ಷಣದ ವಿರಾಮವೂ ಅವನಲ್ಲಿ ಉಳಿಯದು. ಹೋಮರನು ಗ್ರೀಕನಾಗಿದ್ದೂ ಟ್ರಾಯ್‌ನವರ ಸಾವನ್ನು ಗ್ರೀಕರ ಸಾವಿನಷ್ಟೇ ದುಃಖದಿಂದ ಹಾಡಿದನೆಂಬುದು ಆಕೆಯ ಪಾಲಿಗೆ ಆ ಕಾವ್ಯದ ಪರಮ ಗುಣ. ಕಾರ್ಖಾನೆಯ ಕುಲುಮೆ, ಸ್ಪೇನಿನ ಊಟದ ಮೇಜು, ಇಲಿಯಡ್ ಕಾವ್ಯ ಇವು ಮೂರೂ ಇಲ್ಲಿ ಒಂದಾದವು.

ಇದೇ ನ್ಯಾಯವನ್ನು ಆಕೆ ತನ್ನ ದೇಶಕ್ಕೂ ಅನ್ವಯಿಸಿದರು. ಇಂಡೋಚೀನಾದಲ್ಲಿ ಫ್ರೆಂಚರು ನಡೆಸಿದ ದಮನವನ್ನು ಪತ್ರಿಕೆಗಳಲ್ಲಿ ಓದಿದಂದಿನಿಂದ ಆಕೆಗೆ ತನ್ನ ದೇಶದ ಬಗ್ಗೆ ನಾಚಿಕೆಯಿತ್ತು. ಹಿಟ್ಲರನು ಯೂರೋಪಿನಲ್ಲಿ ಮಾಡಿದ್ದು, ಯೂರೋಪಿನವರು ವಸಾಹತುಗಳಲ್ಲಿ ಬಹುಕಾಲದಿಂದ ಮಾಡುತ್ತಿದ್ದುದನ್ನೇ ಎಂದು 1943ರಲ್ಲಿ, ಯುದ್ಧದ ನಡುವೆ, ಫ್ರೆಂಚ್ ಸರಕಾರದ ನೌಕರಿಯಲ್ಲಿದ್ದುಕೊಂಡೇ ಬರೆದರು. ಆದರೆ ಒಂದು ವಿಷಯದಲ್ಲಿ ಆಕೆಯ ನ್ಯಾಯದ ತಕ್ಕಡಿ ವಾಲಿತೆಂದು ಹೇಳದೆ ವಿಧಿಯಿಲ್ಲ. ರೋಮನ್ನರ ಜೊತೆಗೆ ಪ್ರಾಚೀನ ಯೆಹೂದಿಗಳನ್ನೂ ಬಲದ ಆರಾಧಕರೆಂದು ಆಕೆ ಕಟುವಾಗಿ ನಿಂದಿಸಿದರು. ಅದೇ ಜನಾಂಗ ಯೂರೋಪಿನಲ್ಲಿ ನಾಶವಾಗುತ್ತಿದ್ದ ವರ್ಷಗಳಲ್ಲಿ ಆ ಮಾತು ಬಂದುದು ಆಕೆಯ ಅಭಿಮಾನಿಗಳನ್ನೂ ನೋಯಿಸಿದೆ.

ಮಾರ್ಸೇಯ್‌ನಲ್ಲಿದ್ದಾಗ ರೆನೆ ದೋಮಾಲ್ ಎಂಬ ಕವಿಯಿಂದ ಸಂಸ್ಕೃತ ಕಲಿತು ಆಕೆ ಗೀತೆಯನ್ನು ಮೂಲದಲ್ಲಿಯೇ ಓದತೊಡಗಿದರು. ಅಣ್ಣ ಆಂದ್ರೆ ಗೀತೆಯನ್ನು ಓದಿ, ಗಣಿತವೇ ತನ್ನ ಸ್ವಧರ್ಮ, ಯುದ್ಧವಲ್ಲ ಎಂದು ನಿರ್ಧರಿಸಿ ಸೇನೆಗೆ ಹೋಗದೆ 1940ರಲ್ಲಿ ಸೆರೆವಾಸ ಅನುಭವಿಸಿದನು. ತಂಗಿಯಾದರೋ ಅರ್ಜುನನ ಸಂದಿಗ್ಧವನ್ನು ತನ್ನ ಟಿಪ್ಪಣಿ ಪುಸ್ತಕಗಳಲ್ಲಿ ಮತ್ತೆ ಮತ್ತೆ ಮಥಿಸಿದರು. ಒಂದೇ ಗ್ರಂಥ, ಒಂದೇ ಮನೆಯ ಇಬ್ಬರು, ಎರಡು ದಾರಿ. ಗಾಂಧೀಜಿಯವರ ಅಹಿಂಸೆಯನ್ನೂ ಆಕೆ ಅಲ್ಲಿ ಪರೀಕ್ಷೆಗೆ ಒಡ್ಡಿದರು. ಅಹಿಂಸೆ ಫಲಕಾರಿಯಾದಾಗ ಮಾತ್ರ ಒಳ್ಳೆಯದೆಂದು ಆಕೆಯ ಮತ. ಸೋದರಿಯ ಮೇಲೆ ಆಕ್ರಮಣ ನಡೆದಾಗ ಸೋದರನು ಏನು ಮಾಡಬೇಕೆಂಬ ಪ್ರಶ್ನೆಗೆ ಆಕೆ ಕಂಡುಕೊಂಡ ಉತ್ತರ ಹೀಗೆ: ಬಲವಿಲ್ಲದೆಯೂ ಅಷ್ಟೇ ಸಮರ್ಥವಾಗಿ ಅವಳನ್ನು ರಕ್ಷಿಸಬಲ್ಲ ಮನುಷ್ಯನು ನೀನಾಗಿದ್ದರೆ ಬಲವನ್ನು ಬಿಡು, ಅಲ್ಲವಾದರೆ ಬಳಸು. ಅಂಥ ಮನುಷ್ಯನಾಗಲು ಜೀವನವಿಡೀ ಯತ್ನಿಸಬೇಕೆಂಬುದು ಅದರೊಡನೆ ಸೇರಿದ ಷರತ್ತು. ಈ ಉತ್ತರ ಶಾಂತಿವಾದಿಗಳಿಗೂ ಯುದ್ಧವಾದಿಗಳಿಗೂ ಸಮನಾಗಿ ಅಹಿತಕರವಾದುದು.

1942ರ ಮೇ ತಿಂಗಳಲ್ಲಿ ತಂದೆತಾಯಿಗಳೊಡನೆ ಹಡಗು ಹತ್ತಿ ಅಮೆರಿಕಕ್ಕೆ ಹೋದರೂ ಮನಸ್ಸು ನಿಲ್ಲಲಿಲ್ಲ. ಆ ವರ್ಷದ ಕೊನೆಯಲ್ಲಿ ಲಂಡನ್ನಿಗೆ ಬಂದು ಜನರಲ್ ದ ಗಾಲ್ ನೇತೃತ್ವದ ಸ್ವತಂತ್ರ ಫ್ರೆಂಚ್ ಸಂಘಟನೆಯಲ್ಲಿ ಕೆಲಸಕ್ಕೆ ಸೇರಿದರು. ಆಕೆಯಲ್ಲಿ ಒಂದು ಯೋಜನೆಯಿತ್ತು. ಸಾವಿಗೆ ಅಂಜದ ಕಟುಕರ ವಿಶೇಷ ಪಡೆಯನ್ನು ಹಿಟ್ಲರನು ತನ್ನ ಸಂಕೇತವಾಗಿ ಮಾಡಿಕೊಂಡಿದ್ದರೆ, ಅಷ್ಟೇ ನಿರ್ಭಯರಾದ ನಿರಾಯುಧ ದಾದಿಯರ ಸಣ್ಣ ತಂಡವೊಂದು ಕದನದ ಮುಂಚೂಣಿಯಲ್ಲಿಯೇ ಗಾಯಾಳುಗಳನ್ನು ಉಪಚರಿಸುತ್ತ ಇರಲಿ. ಆ ದೃಶ್ಯವೇ ಎದುರಿನ ಸಂಕೇತವಾಗಲಿ. ಮೊದಲಿಗೆ ಹತ್ತೇ ಮಂದಿ ಸಾಕು, ತಾನೂ ಅವರಲ್ಲೊಬ್ಬಳು. ದ ಗಾಲ್ ಇದನ್ನು ಹುಚ್ಚೆಂದು ತಳ್ಳಿಹಾಕಿದನೆಂದು ಪ್ರತೀತಿ. ಅವ್ಯಾವಹಾರಿಕವೆಂಬುದು ದಿಟ. ಆದರೂ ಹಿಂಸೆಗೆ ಎದುರಾಗಿ ಇನ್ನಷ್ಟು ಹಿಂಸೆಯಲ್ಲದೆ ಬೇರೆ ಏನನ್ನಾದರೂ ಇಡಬೇಕೆಂಬ ಹಂಬಲ ಅದರಲ್ಲಿತ್ತು.

ಯೋಜನೆ ಕೈಗೂಡದೆ, ಬರೆಯುವ ಕೆಲಸವೊಂದೇ ಉಳಿಯಿತು. ಕೆಲವೇ ತಿಂಗಳಲ್ಲಿ ಹಗಲಿರುಳು ಬರೆದ ದೊಡ್ಡ ಗ್ರಂಥ ಆಕೆಯ ಮರಣಾನಂತರ 1949ರಲ್ಲಿ ಆಲ್ಬೇರ್ ಕಾಮು ಅವರ ಸಂಪಾದಕತ್ವದ ಮಾಲೆಯಲ್ಲಿ ಹೊರಬಂದಿತು. ಬೇರು ಕಿತ್ತ ಜನರೇ ಇತರರ ಬೇರನ್ನು ಕೀಳುತ್ತಾರೆ. ಹಣ ಮತ್ತು ಆಕ್ರಮಣ ಎರಡೂ ಮನುಷ್ಯನ ಬೇರನ್ನು ಕೀಳುವ ಸಾಧನಗಳು ಎಂಬುದು ಅದರ ಮುಖ್ಯ ವಿಚಾರ. ಶಾಲೆಗಳಿಗೆ ಸಂಬಂಧಿಸಿದ ಮಾತೂ ಅಲ್ಲಿದೆ. ಸೀಸರ್, ನೆಪೋಲಿಯನ್ ಮುಂತಾದವರ ದಿಗ್ವಿಜಯಗಳನ್ನು ಹಿರಿಮೆಯೆಂದು ಮಕ್ಕಳಿಗೆ ಕಲಿಸಿದವರು ನಾವೇ. ಅಂಥ ಪುಸ್ತಕವನ್ನೋದಿ ಅಂಥ ಹಿರಿಮೆಯನ್ನೇ ಬಯಸಿದ ಒಬ್ಬ ಹುಡುಗ ಹಿಟ್ಲರನಾದರೆ ಆಶ್ಚರ್ಯವೇಕೆ? ಅವನನ್ನು ಕೊಂದರೂ ಸೆರೆಯಲ್ಲಿಟ್ಟರೂ ಅದು ಅವನಿಗೆ ಶಿಕ್ಷೆಯಾಗದು, ಏಕೆಂದರೆ ಅವನು ಬಯಸಿದುದು ಇತಿಹಾಸದಲ್ಲಿ ಸ್ಥಾನವನ್ನು. ಮುಂದೆ ಹಿರಿಮೆಯನ್ನು ಹಂಬಲಿಸುವ ಮಕ್ಕಳು ಅವನನ್ನು ಹಿರಿಯನೆಂದು ಎಣಿಸದಂತೆ ಹಿರಿಮೆಯ ಅರ್ಥವನ್ನೇ ಬದಲಿಸುವುದೊಂದೇ ಶಿಕ್ಷೆ.

1943ರ ಏಪ್ರಿಲ್ 15ರಂದು ಆಕೆ ತಮ್ಮ ಕೋಣೆಯಲ್ಲಿ ಪ್ರಜ್ಞೆ ತಪ್ಪಿ ಬಿದ್ದಿದ್ದರು. ಕ್ಷಯವೆಂದು ತಿಳಿಯಿತು. ಶತ್ರುವಶವಾದ ಫ್ರಾನ್ಸಿನಲ್ಲಿ ಜನರಿಗೆ ದೊರೆಯುವುದಕ್ಕಿಂತ ಹೆಚ್ಚು ಉಣ್ಣಲಾರೆನೆಂದು ಆಕೆ ಆಹಾರವನ್ನು ನಿರಾಕರಿಸುತ್ತಿದ್ದರು. ಸಕ್ಕರೆ ಒಲ್ಲೆನೆಂದ ಮಗುವಿನ ಹಟ ಇಲ್ಲಿಗೆ ಮುಟ್ಟಿತು. ಕೆಂಟ್ ಪ್ರಾಂತದ ಆಶ್‌ಫರ್ಡ್ ಆರೋಗ್ಯಧಾಮದಲ್ಲಿ ಆಗಸ್ಟ್ 24ರಂದು ತೀರಿಕೊಂಡರು. ಮನಸ್ಸಿನ ಸ್ಥಿಮಿತ ತಪ್ಪಿ ಉಪವಾಸದಿಂದ ಪ್ರಾಣ ಕಳೆದುಕೊಂಡರೆಂದು ಮರಣ ವಿಚಾರಣಾಧಿಕಾರಿ ತೀರ್ಪಿತ್ತನು. ಇದನ್ನು ಆತ್ಮಾಹುತಿಯೆಂದು ಕೊಂಡಾಡುವವರುಂಟು, ರೋಗವೆಂದು ಮರುಗುವವರುಂಟು. ಪರರ ಮೇಲಿನ ಹಿಂಸೆಯನ್ನು ಅಷ್ಟು ಸೂಕ್ಷ್ಮವಾಗಿ ಗುರುತಿಸಿದವರು ತನ್ನ ದೇಹದ ವಿಷಯದಲ್ಲಿ ಅಷ್ಟು ನಿರ್ದಯರಾದುದು ಅನುಕರಣೀಯವೆಂದು ಹೇಳಲು ನಮಗೆ ಮನಸ್ಸು ಬಾರದು.

ಜೀವಿಸಿದ್ದಾಗ ಆಕೆಯ ಹೆಸರಿನಲ್ಲಿ ಒಂದು ಪುಸ್ತಕವೂ ಪ್ರಕಟವಾಗಿರಲಿಲ್ಲ. ಮಾರ್ಸೇಯ್ ಬಿಡುವಾಗ ರೈಲು ನಿಲ್ದಾಣದಲ್ಲಿ ಗುಸ್ತಾವ್ ತಿಬೋಂ ಎಂಬ ಕೃಷಿಕ ಲೇಖಕ ಮಿತ್ರನ ಕೈಗೆ ಒಪ್ಪಿಸಿದ್ದ ಟಿಪ್ಪಣಿ ಪುಸ್ತಕಗಳಿಂದ ಆಯ್ದ ಭಾಗಗಳು 1947ರಲ್ಲಿ ಬೆಳಕು ಕಂಡವು. ಉಳಿದ ರಾಶಿ ರಾಶಿ ಹಸ್ತಪ್ರತಿಗಳನ್ನು ವೃದ್ಧ ತಂದೆತಾಯಿಗಳು ಪ್ಯಾರಿಸಿನ ತಮ್ಮ ಮನೆಯಲ್ಲಿ ಕುಳಿತು ವರ್ಷಗಟ್ಟಲೆ ತಮ್ಮ ಕೈಯಿಂದ ಪ್ರತಿ ಮಾಡಿದರು. ತಂದೆ 1955ರಲ್ಲಿ ಕಾಲವಾದರು. ತಾಯಿ ಇನ್ನೂ ಹತ್ತು ವರ್ಷ ಬದುಕಿದ್ದರು.